ಚೀಲದ ಹಿಂಬದಿ ಓದುವ ಕೆಲಸ

ಹದಿನೈದು ವರ್ಷ ನಾನು ನಾಯಿ ಆಹಾರ ತಿಂದಿದ್ದೇನೆ. ತಮಾಷೆಗೆ ಹೇಳುತ್ತಿಲ್ಲ, ಆಗ ನಮ್ಮ ದಂಧೆಯಲ್ಲಿ ಅದು ರೂಢಿ. "ಇದರೊಳಗೆ ಏನು ಹಾಕಿದ್ದಾರೋ ಯಾರಿಗೆ ಗೊತ್ತು" ಎಂದು ಅಂಗಡಿಯವನು ಮೂಗು ಮುರಿದರೆ, ಸೇಲ್ಸ್‌ಮನ್ ಆದವನು ಚೀಲದಿಂದ ನಾಲ್ಕು ಕಾಳು ತೆಗೆದು ಅವನ ಎದುರಿಗೇ ಬಾಯಿಗೆ ಹಾಕಿಕೊಂಡು ಕಟುಂ ಕಟುಂ ಎಂದು ಅಗಿಯಬೇಕು. ನುಂಗಬೇಕು. ನುಂಗಿದ ಮೇಲೆ ನಗಲೂಬೇಕು. ನಾನು ಗದಗಿನ ಕಡೆಯ ಲಿಂಗಾಯತರ ಮನೆಯವನು, ಮೊಟ್ಟೆಯನ್ನೂ ಮುಟ್ಟಿದವನಲ್ಲ. ಮುಂಬಯಿ ಹತ್ತಿರದ ಕಲ್ಯಾಣದ ಅಂಗಡಿಯೊಂದರಲ್ಲಿ ಮೊದಲ ಸಲ ಆ ಕೋಳಿ ಮಾಂಸದ ಕಾಳು ಅಗಿದ ದಿನ ಸ್ಟೇಷನ್ನಿನ ನಲ್ಲಿಯ ಹತ್ತಿರ ನಿಂತು ಬಾಯಿ ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು. ಎರಡು ಲೋಕಲ್ ತಪ್ಪಿಹೋದವು. ಡೊಂಬಿವಲಿಯ ನಮ್ಮ ಮನೆಯಲ್ಲಿ ಈ ಸಂಗತಿಯನ್ನು ಎರಡು ವರ್ಷ ಮುಚ್ಚಿಟ್ಟೆ. ಗೊತ್ತಾದ ಮೇಲೆ ಹೆಂಡತಿ ಜಗಳವಾಡಲಿಲ್ಲ. "ದಿನಾ ಬಂದ ಕೂಡ್ಲೆ ಜಳಕಾ ಮಾಡ್ರಿ, ಆಮ್ಯಾಲೆ ದೇವರ ಕೋಲಿ ಕಡೆ ಹಾಯ್ರಿ" ಎಂದಳು, ಅಷ್ಟೇ. ಜ್ವರ ಬಂದ ದಿನವೂ ಜಳಕ ತಪ್ಪಲಿಲ್ಲ.

ಖಾರಘರದಲ್ಲಿರುವ ನಮ್ಮ ಪರಿಚಯದವರ ಮಗಳು ಈಗ ಇಂಥದೇ ಒಂದು ಕಂಪನಿಗೆ ಸೇರಿದ್ದಾಳೆ. "ಅಂಕಲ್, ಕುಛ್ ಟಿಪ್ಸ್ ದೋ ನಾ" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅವಳ ತಾಯಿ ಓದಿ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಇದರಲ್ಲಿ ಇಲ್ಲ. ಇದ್ದದ್ದೇ ಎರಡು, ಎರಡರಿಂದಲೂ ಯಾವ ನಾಯಿಗೂ ಉಪಯೋಗವಾಗಲಿಲ್ಲ.

ನಾನು ಸೇರಿದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಕೋಳಿ ಆಹಾರ ಮಾರುತ್ತಿದ್ದೆ. ಆಗ ಠಾಣೆಯಿಂದ ಕಲ್ಯಾಣದವರೆಗೆ ನಾಯಿ ಸಾಕಿದವರೆಲ್ಲ ಹಾಕುತ್ತಿದ್ದುದು ಹಾಲು ಚಪಾತಿ, ಇಲ್ಲವೇ ಅನ್ನದ ಜೊತೆ ಮಟನ್ ಅಂಗಡಿಯ ಚೂರು. ಪ್ಲಾಸ್ಟಿಕ್ ಚೀಲದೊಳಗಿನ ಒಣ ಕಾಳನ್ನು ಇಷ್ಟು ಬೆಲೆ ಕೊಟ್ಟು ಕೊಳ್ಳಿ ಎಂದರೆ ನಕ್ಕುಬಿಡುತ್ತಿದ್ದರು. ನಮ್ಮ ಏರಿಯಾ ಮ್ಯಾನೇಜರ್ ಉಡುಪಿ ಕಡೆಯ ಹೆಗ್ಡೆಯವರು. ಅವರು ಮೊದಲ ವಾರವೇ ನನಗೆ ಒಂದು ಗುಟ್ಟು ಹೇಳಿಕೊಟ್ಟರು: "ಬಸವರಾಜ, ನೀವು ಮಾಂಸ ತಿನ್ನುವವರ ಮನೆಗೆ ಹೋಗ್ಲಿಕ್ಕೆ ಹೋಗ್ಬೇಡಿ. ಅವರು ಮನೆಯಲ್ಲೇ ಬೇಯಿಸಿ ಹಾಕ್ತಾರೆ. ನಿಮ್ಮಂಥ ಪುಳಿಚಾರಿನವರ ಮನೆ ಹಿಡೀರಿ. ಅವರಿಗೆ ನಾಯಿ ಉಂಟು, ಮಾಂಸ ಬೇಯಿಸ್ಲಿಕ್ಕೆ ಆಗುದಿಲ್ಲ."

ಮಾತು ಸುಳ್ಳಾಗಲಿಲ್ಲ. ನಮ್ಮವರು, ಗುಜರಾತಿಗಳು, ಮರಾಠಿ ಬ್ರಾಹ್ಮಣರು, ಎಲ್ಲರ ಮನೆಯಲ್ಲೂ ಒಂದೇ ವ್ಯವಸ್ಥೆ. ನಾಯಿಯ ಡಬ್ಬಿ ಬಾಲ್ಕನಿಯಲ್ಲಿ ಇರುತ್ತಿತ್ತು, ಅದರೊಳಗೊಂದು ಮರದ ಸೌಟು. ಆ ಸೌಟು ಅಡುಗೆಮನೆಗೆ ಬರುವಂತಿಲ್ಲ. ಕಾಳಿನಲ್ಲಿ ಕೋಳಿ ಇದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಣಗಿದ ಕಾಳಿನ ರೂಪದಲ್ಲಿ ಬಂದರೆ ಮಾಂಸವೂ ಮಾಂಸವಲ್ಲ ಎಂಬ ಈ ಒಪ್ಪಂದದ ಮೇಲೆ ನನ್ನ ಸಂಸಾರ ಹದಿನೇಳು ವರ್ಷ ನಡೆಯಿತು.

ಹೆಗ್ಡೆಯವರ ಮನೆಯಲ್ಲೂ ಒಂದು ನಾಯಿ ಇತ್ತು. ಅದಕ್ಕೆ ಹಾಕುತ್ತಿದ್ದುದು ಕುಚ್ಚಲಕ್ಕಿ ಗಂಜಿ ಮತ್ತು ಬಂಗುಡೆಯ ತಲೆ. ನಮ್ಮ ಚೀಲ ಆ ಮನೆಯ ಹೊಸ್ತಿಲು ತುಳಿದದ್ದನ್ನು ನಾನು ಕಾಣೆ.

ಆಮೇಲೆ ಬ್ರ್ಯಾಂಡುಗಳು ಒಂದರ ಹಿಂದೊಂದು ಬಂದವು. ಪರದೇಶದವು, ಇಲ್ಲಿಯವು, ಇಲ್ಲಿಯವಾಗಿದ್ದು ಪರದೇಶದ ಹೆಸರು ಇಟ್ಟುಕೊಂಡವು. ಎಲ್ಲವೂ "ಪ್ರೀಮಿಯಂ". ಚೀಲದ ಮುಂಬದಿಯಲ್ಲಿ ಹೊಳೆಯುವ ನಾಯಿ, ಬೆಟ್ಟ, ಹಸಿರು ಹುಲ್ಲು. ಮುಂಬದಿ ಓದುವುದು ಗಿರಾಕಿಯ ಕೆಲಸ, ಹಿಂಬದಿ ಓದುವುದು ನನ್ನ ಕೆಲಸ ಎಂದುಕೊಂಡೆ. ಭಾನುವಾರ ಮನೆಯ ನೆಲದ ಮೇಲೆ ಏಳು ಕಂಪನಿಗಳ ಖಾಲಿ ಚೀಲಗಳನ್ನು ಕವುಚಿ ಹಾಸಿಕೊಂಡು ಕೂರುತ್ತಿದ್ದೆ. ಹಿಂಬದಿಯ ಪಟ್ಟಿಯಲ್ಲಿ ಜಾಸ್ತಿ ತೂಕದ ಪದಾರ್ಥದ ಹೆಸರು ಮೊದಲು ಬರುತ್ತದೆ. ಮೊದಲು ಕೋಳಿಯೋ ಮೆಕ್ಕೆಜೋಳವೋ? ಕೊಬ್ಬು ಎಂದರೆ ಯಾವ ಪ್ರಾಣಿಯ ಕೊಬ್ಬು, ಹೆಸರು ಹೇಳಿದ್ದಾರೋ, ಸುಮ್ಮನೆ "ಪ್ರಾಣಿ ಕೊಬ್ಬು" ಎಂದು ಜಾರಿಕೊಂಡಿದ್ದಾರೋ? ಮೆಕ್ಕೆಜೋಳ, ಮೆಕ್ಕೆಜೋಳದ ಅಂಟು, ಮೆಕ್ಕೆಜೋಳದ ತೌಡು ಎಂದು ಒಂದನ್ನೇ ಮೂರು ಮಾಡಿ ಪಟ್ಟಿಯಲ್ಲಿ ಕೆಳಗೆ ತಳ್ಳಿದ್ದಾರೋ? ಆಮೇಲೆ ಸ್ಟೀಲ್ ಲೋಟಗಳಲ್ಲಿ ಬೆಚ್ಚಗಿನ ನೀರು ಹಾಕಿ ಹತ್ತು ಹತ್ತು ಕಾಳು ನೆನೆಸುತ್ತಿದ್ದೆ. ಜೋಳ ಹೆಚ್ಚಿದ್ದದ್ದು ಅರ್ಧ ಗಂಟೆಯಲ್ಲಿ ಉಬ್ಬಿ ಹಿಟ್ಟಾಗುತ್ತಿತ್ತು, ಮಾಂಸ ಹೆಚ್ಚಿದ್ದದ್ದು ಕಾಳಾಗಿಯೇ ಉಳಿಯುತ್ತಿತ್ತು. ಇದು ಲ್ಯಾಬಿನ ಪರೀಕ್ಷೆಯಲ್ಲ, ಹಳೆಯ ಕೋಳಿ ಆಹಾರದವನ ಅಂದಾಜು. ಆದರೆ ದೊಡ್ಡದಾಗಿ ಯಾವತ್ತೂ ತಪ್ಪಲಿಲ್ಲ.

ಇನ್ನೊಂದು ಲೆಕ್ಕವನ್ನೂ ನಾನೇ ಕಂಡುಕೊಂಡೆ. ಕಿಲೋ ಬೆಲೆ ನೋಡಬೇಡಿ, ದಿನದ ಬೆಲೆ ನೋಡಿ. ಸತ್ವವಿರುವ ಕಾಳು ಎರಡು ಸೌಟು ಸಾಕಾಗುವ ಕಡೆ ಜೊಳ್ಳು ಕಾಳು ನಾಲ್ಕು ಸೌಟು ಬೇಕು, ಅದರಲ್ಲಿ ಅರ್ಧ ಮರುದಿನ ರಸ್ತೆಯ ಮೇಲೆ ಬಿದ್ದಿರುತ್ತದೆ. ಇದನ್ನೆಲ್ಲ ಸೇರಿಸಿ ಒಂದು ದೊಡ್ಡ ಹಾಳೆಯ ಮೇಲೆ ಕೋಷ್ಟಕ ಮಾಡಿದೆ. ಕೆಳಗೆ ನನ್ನ ಹೆಸರು, ಫೋನ್ ನಂಬರು. ಹೆಗ್ಡೆಯವರು ನೋಡಿ ಕುಣಿದಾಡಿಬಿಟ್ಟರು, ಯಾಕೆಂದರೆ ನಮ್ಮ ಮಾಲು ಗುಣದಲ್ಲಿ ಎರಡನೆಯದು, ಬೆಲೆಗೆ ತಕ್ಕ ಗುಣದಲ್ಲಿ ಮೊದಲನೆಯದು. ಹಾಗೆ ಬರಲಿ ಎಂದು ನಾನು ಮಾಡಿರಲಿಲ್ಲ, ಆಗ ನಿಜವಾಗಿಯೂ ಹಾಗೆಯೇ ಇತ್ತು. ಜೆರಾಕ್ಸ್ ಆಗಿ ಅದು ಠಾಣೆಯಿಂದ ಖಾರಘರದವರೆಗೆ ಅಂಗಡಿ ಅಂಗಡಿಯಲ್ಲಿ ನೇತಾಡಿತು. "ಬಸವರಾಜ್ ಕಾ ಕಾಗಜ್ ದೇಖೋ" ಎಂದು ಅಂಗಡಿಯವರು ಗಿರಾಕಿಗೆ ತೋರಿಸುತ್ತಿದ್ದರು. ನನಗೆ ಕೋಡು ಬಂದದ್ದು ಆಗ. ಅದಕ್ಕಿಂತ ದೊಡ್ಡ ಸಂತೋಷ ಈ ಕೆಲಸದಲ್ಲಿ ಸಿಗಲಿಲ್ಲ, ಅದಕ್ಕಿಂತ ದೊಡ್ಡ ಶಿಕ್ಷೆಯೂ ಸಿಗಲಿಲ್ಲ.

ಕಾಗದದಲ್ಲಿ ಒಂದು ಎಡವಟ್ಟು ಇತ್ತು. ಒಂದು ಪರದೇಶದ ಬ್ರ್ಯಾಂಡಿನ ಹಿಂಬದಿಯಲ್ಲಿ ಮೊದಲ ಹೆಸರೇ "ತಾಜಾ ಕೋಳಿ" ಎಂದಿತ್ತು. ನಾನು ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಐರೋಲಿಯ ಪ್ರಾಣಿ ವೈದ್ಯರೊಬ್ಬರು ನನ್ನನ್ನು ಕೂರಿಸಿಕೊಂಡು ಕೇಳಿದರು, ತಾಜಾ ಕೋಳಿಯಲ್ಲಿ ಮುಕ್ಕಾಲು ಪಾಲು ಏನಿರುತ್ತದೆ? ನೀರು. ಕಾಳು ಒಣಗಿದ ಮೇಲೆ ಆ ನೀರು ಎಲ್ಲಿ ಹೋಗುತ್ತದೆ? ನನ್ನ ಮುಖ ಸಣ್ಣದಾಯಿತು. ನಾನು ಕೋಳಿ ಎಂದು ನೀರನ್ನು ತೂಗಿದ್ದೆ. ಅದರ ಲೆಕ್ಕ ತೆಗೆದರೆ ಆ ಚೀಲದಲ್ಲಿ ಮೊದಲು ನಿಲ್ಲುವುದು ಅಕ್ಕಿಯ ನುಚ್ಚು. ಹೊಸ ಕಾಗದ ಮಾಡಿದೆ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ, ಪ್ರತಿ ಅಂಗಡಿಗೂ ಹೋಗಿ ಹಳೆಯದನ್ನು ಹರಿದು ಹೊಸದನ್ನು ಅಂಟಿಸಿ ಬಂದೆ. "ತಪ್ಪು ನನ್ನದು" ಎಂದು ಎಲ್ಲರೆದುರು ಹೇಳಿದೆ. ಜನ ಮೆಚ್ಚಿದರು. ಈಗ ಯೋಚಿಸಿದರೆ ಆ ಮೆಚ್ಚುಗೆ ಹೇಸಿಗೆ ಎನಿಸುತ್ತದೆ, ಯಾಕೆಂದರೆ ಅದು ಬೇರೆ ಕಂಪನಿಯ ಚೀಲ. ನಿಜ ಹೇಳಲು ನನಗೆ ಖರ್ಚಾದದ್ದು ನಾಲ್ಕು ರಜೆ ಮಾತ್ರ.

ಆ ಕಾಗದ ನೋಡಿಯೇ ಠಾಣೆಯ ವರ್ತಕ ನಗರದ ಶಾಂತಾ ಅಕ್ಕೋರು ನನಗೆ ಫೋನ್ ಮಾಡಿದ್ದು. ಅವರು ಧಾರವಾಡದವರು, ಶಾಲೆಯಲ್ಲಿ ಟೀಚರು. ಮದುವೆಯಾಗಿರಲಿಲ್ಲ. ಟೀಚರನ್ನು ನಮ್ಮ ಕಡೆ ಅಕ್ಕೋರು ಎನ್ನುವುದು ರೂಢಿ, ನಾನೂ ಹಾಗೆಯೇ ಕರೆದೆ. ಹೌಸಿಂಗ್ ಸೊಸೈಟಿಯೊಂದರ ಎರಡನೆಯ ಮಹಡಿಯ ಮನೆಯಲ್ಲಿ ಅವರು ಮತ್ತು ಬಂಡು ಎಂಬ ಕಂದು ಬಣ್ಣದ ಲ್ಯಾಬ್ರಡಾರ್. ಮೊದಲ ದಿನ ಚೀಲ ತಲುಪಿಸಲು ನಾನೇ ಹೋದೆ. ಬಾಲ್ಕನಿಯಲ್ಲಿ ಡಬ್ಬಿ, ಮರದ ಸೌಟು, ಗೋಡೆಯ ಮೇಲೆ ನನ್ನ ಕಾಗದ.

"ಬಸಣ್ಣಾರ, ಇದರಾಗ ಏನೈತಿ ಅಂತ ನಾ ಕೇಳೂದಿಲ್ಲ, ನೀವು ಹೇಳಬ್ಯಾಡ್ರಿ," ಎಂದು ನಕ್ಕರು. "ನಿಮ್ಮ ಕಾಗದದ ಮ್ಯಾಲೆ ಭರೋಸಾ ಐತಿ, ಸಾಕು."

ಆರು ವರ್ಷ ಬಂಡು ನಮ್ಮ ಕಾಳು ತಿಂದ. ಅವನ ಮೈಮೇಲೆ ಕೈಯಾಡಿಸಿದರೆ ರೇಷ್ಮೆ ಪತ್ತಲ ಮುಟ್ಟಿದ ಹಾಗೆ ಆಗುತ್ತಿತ್ತು. ಹೊಸ ಗಿರಾಕಿಗಳಿಗೆ ತೋರಿಸಲು ನಾನು ಅವನ ಫೋಟೋ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ತಿಂಗಳಿಗೊಮ್ಮೆ ಚೀಲ ಒಯ್ದಾಗ ಅಕ್ಕೋರು ಚಹಾ, ಚುರಮುರಿ ಕೊಡುತ್ತಿದ್ದರು. ಬಂಡು ನನ್ನ ಕಾಲ ಮೇಲೆ ತಲೆ ಇಟ್ಟು ಮಲಗುತ್ತಿದ್ದ. ನನ್ನ ಮೈಗೆ ಅವನ ಊಟದ ವಾಸನೆ ಹತ್ತಿರುತ್ತಿತ್ತಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಒಂದು ಬೇಸಿಗೆಯಲ್ಲಿ ಹೊಸ ಲಾಟು ಬಂತು. ಚೀಲ ಅದೇ, ಬಣ್ಣ ಅದೇ, ಮುಂಬದಿಯ ನಾಯಿಯೂ ಅದೇ. ಅಭ್ಯಾಸಬಲದಿಂದ ಹಿಂಬದಿ ಓದಿದೆ. ಪಟ್ಟಿಯ ಮೊದಲ ಜಾಗದಲ್ಲಿ ಇರುತ್ತಿದ್ದ ಕೋಳಿ ಮಾಂಸದ ಹುಡಿ ನಾಲ್ಕನೆಯ ಜಾಗಕ್ಕೆ ಇಳಿದಿತ್ತು. ಈಗ ಮೊದಲು ಮೆಕ್ಕೆಜೋಳ, ಆಮೇಲೆ ಗೋಧಿಯ ತೌಡು. "ಕೋಳಿ ಕೊಬ್ಬು" ಇದ್ದಲ್ಲಿ "ಪ್ರಾಣಿ ಕೊಬ್ಬು". ಮನೆಗೆ ಬಂದು ಲೋಟದಲ್ಲಿ ನೆನೆಸಿದೆ. ಅರ್ಧ ಗಂಟೆಗೇ ಅಂಬಲಿಯಾಗಿತ್ತು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಅಷ್ಟು ವರ್ಷ ತಿಂದವನಿಗೆ ಗೊತ್ತಾಗದೆ ಇರುತ್ತದೆಯೇ? ಕಮಟು ಎಣ್ಣೆಯ ರುಚಿ.

ಮರುದಿನ ಠಾಣೆಯ ಆಫೀಸಿನಲ್ಲಿ ಹೆಗ್ಡೆಯವರ ಮುಂದೆ ಚೀಲ ತಿರುಗಿಸಿ ಇಟ್ಟೆ. ಅವರು ಓದಲೇ ಇಲ್ಲ, ಅವರಿಗೆ ಮೊದಲೇ ಗೊತ್ತಿತ್ತು.

"ಸರ್, ನನ್ನ ಕಾಗದ ಇನ್ನು ಸುಳ್ಳಾಗ್ತದ. ಅಂಗಡಿಗಳಿಂದ ತೆಗೆಸ್ತೀನಿ."

"ಎಂತಕ್ಕೆ ತೆಗೆಯುದು? ಕಾಗದದಲ್ಲಿ ನಮ್ಮದು ಮೊದಲು ಉಂಟಲ್ಲ?"

"ಅದು ಹಳೇ ಮಾಲಿನ ಲೆಕ್ಕ, ಸರ್."

ಹೆಗ್ಡೆಯವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಬಸವರಾಜ, ನಿಮಗೆ ಸರ್ವಿಸು ಇನ್ನೆಷ್ಟು ಉಂಟು? ಎರಡು ವರ್ಷ ಅಲ್ವಾ? ಎರಡು ವರ್ಷ ಸುಮ್ಮನೆ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ನಿಮಗೆ? ನಾಯಿ ಎಂತ ಚೀಲ ಓದ್ತದಾ ಮಾರಾಯ್ರೆ?"

ಅವರ ಮೇಲೆ ಎಲ್ಲ ಹಾಕಿ ಕೈ ತೊಳೆದುಕೊಳ್ಳುವುದು ನನಗೆ ಸುಲಭ. ಅವರೂ ಮೇಲಿನವರ ಮಾತು ಹೇಳಿದರು, ಅಷ್ಟೇ. ಆ ದಿನ ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ. ಐವತ್ತಾರು ವರ್ಷದವನಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ ಎಂದು ರೈಲಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಕಾಗದಗಳು ಅಂಗಡಿಗಳಲ್ಲಿ ನೇತಾಡುತ್ತಲೇ ಇದ್ದವು, ಕೆಳಗೆ ನನ್ನ ಹೆಸರು. ನಾನು ಮಾಡಿದ್ದು ಒಂದೇ ಕೆಲಸ, ಅಂಗಡಿಗಳಲ್ಲಿ ಕಾಳು ಅಗಿಯುವುದನ್ನು ಬಿಟ್ಟೆ. ಹಲ್ಲು ನೋವು ಎಂದು ಹೇಳುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ದೂರುಗಳು ಶುರುವಾದವು. ಡೊಂಬಿವಲಿಯ ಒಂದು ನಾಯಿಗೆ ಮೈ ಕೆರೆತ. ಐರೋಲಿಯ ಒಂದಕ್ಕೆ ಕಿವಿ ಸೋರುವುದು. ಆಮೇಲೆ ಅಕ್ಕೋರ ಫೋನು. ಹೋಗಿ ನೋಡಿದೆ. ಬಂಡುವಿನ ಹೊಟ್ಟೆ, ತೊಡೆಯ ಕೂದಲು ಉದುರಿ ಕೆಂಪು ಚರ್ಮ ಕಾಣುತ್ತಿತ್ತು. ಕೆರೆದು ಕೆರೆದು ರಕ್ತ ಬಂದಿತ್ತು. ಅಕ್ಕೋರು ಶಾಂಪೂ ಹಾಕಿದ್ದರು, ಇಂಜೆಕ್ಷನ್ ಕೊಡಿಸಿದ್ದರು, ಬೇವಿನೆಣ್ಣೆ ಹಚ್ಚಿದ್ದರು. ಆದರೆ ಅವರಿಗೆ ನಿಜವಾದ ಚಿಂತೆ ಬೇರೆಯೇ ಇತ್ತು. ಸೊಸೈಟಿಯ ಸೆಕ್ರೆಟರಿ ಬಂದು, "ಮ್ಯಾಡಮ್, ಯೇ ಛೂತ್ ಕೀ ಬೀಮಾರಿ ಹೈ, ನೀಚೇ ಬಚ್ಚೇ ಖೇಲ್ತೇ ಹೈಂ" ಎಂದು, ಇದು ಅಂಟುರೋಗ, ಕೆಳಗೆ ಮಕ್ಕಳು ಆಡುತ್ತಾರೆ ಎಂದು ಹೇಳಿ ಹೋಗಿದ್ದ. ದೀಪಾವಳಿಯೊಳಗೆ ವಾಸಿಯಾಗದಿದ್ದರೆ ನಾಯಿಯನ್ನು ಬಿಲ್ಡಿಂಗಿನಿಂದ ಕಳಿಸಬೇಕು ಎಂದು ಸಭೆಯಲ್ಲಿ ಠರಾವು ಆಗಿತ್ತು.

ಅಕ್ಕೋರು ನೆಲದ ಮೇಲೆ ಕೂತು ಬಂಡುವಿನ ಕಾಲು ಹಿಡಿದಿದ್ದರು, ಅವನು ಕೆರೆದುಕೊಳ್ಳದಿರಲಿ ಎಂದು. ನನ್ನನ್ನು ನೋಡಿ ಕೇಳಿದರು, "ಬಸಣ್ಣಾರ, ಊಟಾ ಬದಲಿ ಮಾಡಿ ನೋಡ್ಲೇನ್ರಿ?"

ಆ ಪ್ರಶ್ನೆ ನನಗೆ ಈಗಲೂ ಅದೇ ದನಿಯಲ್ಲಿ ಕೇಳುತ್ತದೆ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ನಮ್ಮ ಕಾಳು ನಿಲ್ಲಿಸ್ರಿ, ಬೇರೇದು ತರ್ರಿ" ಎನ್ನಲು ಎಷ್ಟು ಉಸಿರು ಬೇಕು? ಆದರೆ ಹಾಗೆಂದರೆ ಅವರು ಯಾಕೆ ಎಂದು ಕೇಳುತ್ತಿದ್ದರು. ಯಾಕೆ ಎಂದು ಹೇಳಿದರೆ ಯಾವಾಗಿನಿಂದ ಗೊತ್ತಿತ್ತು ಎಂದು ಕೇಳುತ್ತಿದ್ದರು. ಗೋಡೆಯ ಮೇಲೆ ನನ್ನ ಕಾಗದ ಇತ್ತು.

"ಬ್ಯಾಡ್ರಿ ಅಕ್ಕೋರ," ಎಂದೆ. "ಇದರಾಗ ಎಲ್ಲಾ ಐತಿ. ಚರ್ಮದ ಬ್ಯಾನಿ ಇರಬೇಕು. ಹವಾ ಬದಲಾದ್ರ ಕಡಿಮಿ ಆಗ್ತದ."

"ನೀವು ಅಂದ್ರ ಆತು ಬಿಡ್ರಿ," ಎಂದರು.

ದೀಪಾವಳಿ ಬಂತು. ಕಡಿಮೆಯಾಗಲಿಲ್ಲ. ಕಲ್ಯಾಣದಾಚೆ ಮುರಬಾಡ್ ರಸ್ತೆಯಲ್ಲಿ ಒಬ್ಬ ಮರಾಠಿ ಹೆಂಗಸು ಬೀದಿ ನಾಯಿಗಳನ್ನು, ಜನ ಬಿಟ್ಟುಹೋದ ನಾಯಿಗಳನ್ನು ಸಾಕುತ್ತಿದ್ದಳು. ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದರು. ಬಂಡುವನ್ನು ಅಲ್ಲಿ ಬಿಡುವುದೆಂದಾಯಿತು. ಟೆಂಪೋ ಮಾಡಿಕೊಟ್ಟವನು ನಾನೇ. ಅಕ್ಕೋರಿಗೆ ಅಲ್ಲಿಯವರೆಗೆ ಬರಲು ಧೈರ್ಯವಾಗಲಿಲ್ಲ, ಬಿಲ್ಡಿಂಗಿನ ಗೇಟಿನವರೆಗೆ ಬಂದರು. ಬಂಡುವಿನ ಬಟ್ಟಲು, ಹಾಸಿಗೆ, ಮರದ ಸೌಟು ಎಲ್ಲ ಒಂದು ಗಂಟಿನಲ್ಲಿ ಕಟ್ಟಿದ್ದರು. ಅದರ ಜೊತೆ ಎರಡು ಹೊಸ ಚೀಲ. ನಮ್ಮದೇ, ಅಂದು ಬೆಳಿಗ್ಗೆ ಅಂಗಡಿಯಿಂದ ತರಿಸಿದ್ದವು.

"ಅಲ್ಲಿ ಏನ್ ಹಾಕ್ತಾರೋ ಏನೋ," ಎಂದರು. "ಊಟಾ ಆದ್ರೂ ಅವಂಗ ರೂಢಿ ಇದ್ದದ್ದ ಇರ್ಲಿ. ನೀವ ನಿಂತು ಹೇಳಿ ಬರ್ರಿ, ಎರಡು ಹೊತ್ತು, ಎರಡೆರಡು ಸೌಟು."

ಆ ಚೀಲಗಳನ್ನು ಟೆಂಪೋಗೆ ಏರಿಸಿದವನೂ ನಾನೇ. ಭಿವಂಡಿ ಬೈಪಾಸ್ ದಾಟುವವರೆಗೂ ಬಂಡು ಹಿಂದೆ ನೋಡುತ್ತ ನಿಂತಿದ್ದ. ಆಮೇಲೆ ಸುಸ್ತಾಗಿ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದ.

ಮಾವಶಿ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಮೂಸಿ, ನನ್ನ ಮುಖ ನೋಡಿದಳು. "ಹೇ ಕೋಂಬಡ್ಯಾಂನಾ ಘಾಲತೇ" ಎಂದಳು. ಇದನ್ನು ಕೋಳಿಗಳಿಗೆ ಹಾಕುತ್ತೇನೆ ಎಂದು. ನಾಯಿಗಳಿಗೆ ಅವಳು ಹಾಕುತ್ತಿದ್ದುದು ದೊಡ್ಡ ಪಾತೇಲಿಯಲ್ಲಿ ಕೋಳಿಯ ಕುತ್ತಿಗೆ, ಕಾಲು ಹಾಕಿ ಬೇಯಿಸಿದ ಅನ್ನ. ನಾನು ಎರಡೆರಡು ಸೌಟು ಎಂಬ ಮಾತನ್ನು ಹೇಳದೆಯೇ ಹೊರಟುಬಂದೆ.

ಎರಡೂವರೆ ತಿಂಗಳ ಮೇಲೆ ಕಲ್ಯಾಣದ ಅಂಗಡಿಗಳಿಗೆ ಹೋದವನು ರಿಕ್ಷಾ ಮಾಡಿಕೊಂಡು ಅಲ್ಲಿಗೂ ಹೋದೆ. ಬಂಡು ನನ್ನ ವಾಸನೆ ಹಿಡಿದು ಓಡಿ ಬಂದ. ನಾನು ಅಂಗಳದಲ್ಲೇ ಕುಕ್ಕರಿಸಿ ಅವನ ಹೊಟ್ಟೆ, ತೊಡೆ ಎಲ್ಲ ತಿರುಗಿಸಿ ತಿರುಗಿಸಿ ನೋಡಿದೆ. ಚರ್ಮ ತಿಳಿಯಾಗಿತ್ತು. ತುಂಬ ಕೂದಲು ಬಂದಿತ್ತು, ಹೊಸದು, ಮೃದುವಾದದ್ದು. ಮಾವಶಿ ಒಂದು ಔಷಧಿಯನ್ನೂ ಹಾಕಿರಲಿಲ್ಲ. ನಾನು ಡಾಕ್ಟರಲ್ಲ, ಬೇರೆ ಕಾರಣವೂ ಇರಬಹುದು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಅಂಗಳದಲ್ಲಿ ಆ ನೆಪವೂ ಉಳಿಯಲಿಲ್ಲ.

ಅಲ್ಲಿಂದಲೇ ಅಕ್ಕೋರಿಗೆ ಫೋನ್ ಮಾಡಿದೆ. ಈ ಸಲ ಎಲ್ಲ ಹೇಳಿಬಿಡುತ್ತೇನೆ, ಟೆಂಪೋ ಮಾಡಿ ಸಂಜೆಯೊಳಗೆ ಬಂಡುವನ್ನು ಮನೆಗೆ ಮುಟ್ಟಿಸುತ್ತೇನೆ ಎಂದೇ ಮಾಡಿದ್ದು. ವಾಸಿಯಾದ ನಾಯಿಯನ್ನು ಸೊಸೈಟಿಯವರು ಹೇಗೆ ತಡೆದಾರು?

"ಅಕ್ಕೋರ, ಬಂಡೂಗ ಪೂರಾ ಆರಾಮ ಆಗೇದ್ರಿ. ಕೂದಲಾ ಎಲ್ಲಾ ಬಂದಾವ."

 ಅವರ ಹಿಂದೆ ಶಾಲೆಯ ಗದ್ದಲ ಕೇಳುತ್ತಿತ್ತು. ಮೆಲ್ಲಗೆ ಕೇಳಿದರು, "ಹೌದೇನ್ರಿ? ಊಟಾ ನಿಮ್ಮ ಕಾಳನ್ನ ಹಾಕಾಕತ್ತಾರಲ್ಲಾ?"

ಇದಕ್ಕಿಂತ ಚೆನ್ನಾಗಿ ಬಾಗಿಲು ತೆರೆದುಕೊಡಲು ಯಾರಿಗೂ ಸಾಧ್ಯವಿರಲಿಲ್ಲ. "ಇಲ್ರಿ" ಎಂಬ ಎರಡಕ್ಷರ ನಾಲಿಗೆಯ ಮೇಲೆ ಇತ್ತು. ನಾನು "ಹೌದ್ರಿ" ಎಂದೆ. ಯಾಕೆ ಹಾಗೆಂದೆ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ನೌಕರಿಯ ಹೆದರಿಕೆ ಎಂದರೆ ಅರ್ಧ ಸುಳ್ಳು, ಅವರೇನು ಕಂಪನಿಗೆ ಪತ್ರ ಬರೆಯುವವರಲ್ಲ. ನನ್ನ ಮೇಲಿನ ಭರೋಸಾ ಹೋಗುತ್ತದೆ ಎಂಬ ಹೆದರಿಕೆ ಅದು. ಆ ಭರೋಸಾ ಉಳಿಸಿಕೊಂಡು ನಾನು ಮಾಡುವುದಾದರೂ ಏನಿತ್ತು?

"ಹಂಗಾರ ನಮ್ಮ ಮನೀನ ಅವಂಗ ಆಗಿಬರ್ಲಿಲ್ಲ ಬಿಡ್ರಿ," ಎಂದರು ಅಕ್ಕೋರು. "ನನ್ನ ಕೈಗುಣಾ ಸರಿ ಇರ್ಲಿಲ್ಲ. ಅಲ್ಲೇ ಇರ್ಲಿ, ಆರಾಮ ಇರ್ಲಿ."

ಬಂಡು ಅಲ್ಲಿ ಇನ್ನೂ ನಾಲ್ಕು ವರ್ಷ ಬದುಕಿದ. ನಿವೃತ್ತಿಯಾದ ಮೇಲೂ ನಾನು ಆಗಾಗ ಹೋಗಿ ನೋಡಿ ಬಂದು ಅಕ್ಕೋರಿಗೆ ಸುದ್ದಿ ಮುಟ್ಟಿಸುತ್ತಿದ್ದೆ. ಒಂದು ಸಲ ತಡೆಯಲಾರದೆ, ಕಲ್ಯಾಣ ಏನು ದೂರ, ನಾನೇ ಕರೆದುಕೊಂಡು ಹೋಗುತ್ತೇನೆ, ಒಮ್ಮೆ ನೋಡಿ ಬರೋಣ ಎಂದೆ.

"ನಾ ಬರೂದಿಲ್ರಿ ಬಸಣ್ಣಾರ," ಎಂದರು. "ನಾ ಮುಟ್ಟಿದ್ರ ಮತ್ತ ಶುರು ಆದೀತು."

ಬಂಡು ಸಾಯುವವರೆಗೂ ಅವರು ಅವನನ್ನು ನೋಡಲು ಹೋಗಲಿಲ್ಲ.